ಗೆರೆ ಹೊರಬರುವ ಜಾಗ

ಮಾರ್ಚ್ 4

ಪ್ರೀತಿಯ ಮಾವ,

ಫೋನ್ ಮಾಡಿದರೆ ನೀವು ಎಲ್ಲದಕ್ಕೂ "ಹೂಂ, ಹೂಂ" ಅನ್ನುತ್ತೀರಿ, ಆಮೇಲೆ ಅತ್ತೆಯ ಕೈಗೆ ಕೊಟ್ಟು "ಏನಂತೆ ಕೇಳು" ಅನ್ನುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಈ ಸುದ್ದಿಯನ್ನು ನೀವೇ ಕಣ್ಣಾರೆ ಓದಬೇಕು.

ನೀವು ಕೊರೆದ ಅಡ್ಡಸುರಂಗ ನಮಗೆ ಬೇಕಾಗಿದೆ.

ಅದೇ, ಹಳೆಯ ಯಂತ್ರಕ್ಕೆ ಕಣಗಳನ್ನು ಒಯ್ಯುವುದಕ್ಕೆಂದು ನಿಮ್ಮ ತಂಡ ಕೊರೆದದ್ದು. ಕೆಲವೇ ವರ್ಷ ಬಳಕೆಯಲ್ಲಿದ್ದು ಬೀಗ ಬಿದ್ದದ್ದು. ಅದರ ಮಾತೆತ್ತಿದರೆ ನೀವು ಊಟ ಬಿಟ್ಟು ಏಳುತ್ತಿದ್ದಿರಿ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ನಾನು ಇದೇ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಸುದ್ದಿ ತೆಗೆದಿರಲಿಲ್ಲ. ಈಗ ತೆಗೆಯದೆ ದಾರಿಯಿಲ್ಲ.

ಈಗಿನ ದೊಡ್ಡ ಯಂತ್ರದಲ್ಲಿ, ನೆಲದಡಿಯ ಉಂಗುರದೊಳಗೆ, ಪ್ರೋಟಾನುಗಳು ಎರಡು ಕಡೆಯಿಂದ ಬಂದು ಎದುರುಬದುರು ಡಿಕ್ಕಿ ಹೊಡೆಯುತ್ತವೆ. ಮನೆಗಾತ್ರದ ಉಪಕರಣಗಳು ಆ ಜಾಗವನ್ನು ಸುತ್ತುವರಿದು ಕೂತಿವೆ, ಅಕ್ಕಪಕ್ಕಕ್ಕೆ ಸಿಡಿದದ್ದನ್ನೆಲ್ಲ ಹಿಡಿಯುತ್ತವೆ. ಆದರೆ ನೆಟ್ಟಗೆ ಮುಂದಕ್ಕೆ ಹೋದದ್ದನ್ನು ಯಾರೂ ವಿಚಾರಿಸಿಲ್ಲ. ಉಂಗುರ ಬಾಗಿ ತಿರುಗುತ್ತದೆ, ಅವು ಬಾಗುವುದಿಲ್ಲ. ಗೋಡೆ ದಾಟಿ ಬಂಡೆಯೊಳಗೆ ಹೊರಟುಹೋಗುತ್ತವೆ. ಅವುಗಳಲ್ಲಿ ನ್ಯೂಟ್ರಿನೊಗಳಿವೆ ಎಂದು ನಮಗೆ ಗೊತ್ತು. ಸೂರ್ಯನಿಂದ ಬಂದ ನ್ಯೂಟ್ರಿನೊಗಳನ್ನು ಜನ ಹಿಡಿದಿದ್ದಾರೆ, ಅಣುಸ್ಥಾವರದ್ದನ್ನು ಹಿಡಿದಿದ್ದಾರೆ. ಇಂಥ ಡಿಕ್ಕಿಯಲ್ಲಿ ಹುಟ್ಟಿದ, ಇಷ್ಟು ಶಕ್ತಿ ಹೊತ್ತ ಒಂದನ್ನೂ ಹಿಡಿದಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಬರಬಹುದು. ನಕ್ಷತ್ರಗಳನ್ನೆಲ್ಲ ಚದುರಿಹೋಗದಂತೆ ಹಿಡಿದಿಟ್ಟಿರುವ, ಆದರೆ ಇವತ್ತಿನವರೆಗೂ ಯಾರ ಕಣ್ಣಿಗೂ ಬೀಳದ ಕಪ್ಪು ದ್ರವ್ಯದ ಸುಳಿವು. ಬಂದರೂ ಬರಬಹುದು, ಅಷ್ಟೇ.

ಡಿಕ್ಕಿಯ ಜಾಗದಿಂದ ನಕ್ಷೆಯ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದೆವು. ಅದು ನಿಮ್ಮ ಸುರಂಗವನ್ನು ಹಾದುಹೋಗುತ್ತದೆ. ನಮ್ಮ ತಂಡದ ಮುಖ್ಯಸ್ಥೆ ಸ್ವಲ್ಪ ಹೊತ್ತು ನಕ್ಷೆ ನೋಡಿ, "ಇದನ್ನ ತೋಡಿದವರು ಯಾರೋ, ಅವರಿಗೆ ಕೈ ಮುಗೀಬೇಕು" ಅಂದರು. "ನಮ್ಮ ಸೋದರಮಾವ" ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಒಂದೇ ತೊಡಕು. ಗೆರೆ ನಿಮ್ಮ ನೆಲಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತದೆ. ಮೊಣಕಾಲುದ್ದ ಗುಂಡಿ ತೋಡಬೇಕು. ತೋಡಿದರೆ ನೀರು ಬರುತ್ತದೆಯೇ? ಉತ್ತರ ಬೇಗ ಬೇಕು ಮಾವ.

ನಿಮ್ಮ ಯಾಕಮ್ಮ

*

ಮಾರ್ಚ್ 21

ಯಾಕಮ್ಮನಿಗೆ,

ಮೂರು ವರ್ಷದವಳಿದ್ದಾಗ ಎಲ್ಲದಕ್ಕೂ "ಯಾಕೆ" ಅಂತ ಕೇಳುತ್ತಿದ್ದೆಯೆಂದು ಆ ಹೆಸರಿಟ್ಟೆ. ಇಷ್ಟು ದೊಡ್ಡ ಕೆಲಸಕ್ಕೆ ಸೇರಿದ ಮೇಲೂ ಅದನ್ನೇ ಸಹಿ ಮಾಡುತ್ತೀಯಲ್ಲ, ಸಂತೋಷ.

ನೀರಿನ ವಿಷಯ ಮೊದಲು. ನೆಲ ಒಣ. ಕಡ್ಡಿ ಮುರಿದಂತೆ ಹೇಳುತ್ತೇನೆ, ಒಣ. ಆ ಸುರಂಗದ ಅಳತೆ ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಲ್ಲಿತ್ತು. ಬಾಯಿಯ ಹತ್ತಿರ ಜಿನುಗುತ್ತಿತ್ತು, ಒಳಗೆ ಹೋದಂತೆ ನಿಂತಿತು. ನಿಮ್ಮ ಮುಖ್ಯಸ್ಥೆಗೆ ನನ್ನ ಹೆಸರು ಹೇಳಿ ತೋಡಲು ಹೇಳು.

ಊಟ ಬಿಟ್ಟು ಏಳುತ್ತಿದ್ದೆ ಅಂದೆಯಲ್ಲ, ಯಾಕೆಂದು ನಿನಗೆ ಗೊತ್ತಿಲ್ಲ. ಅಲ್ಲಿಯ ಬಂಡೆ ಮೇಲಿನಿಂದ ನೋಡಿದರೆ ಮೆತ್ತಗೆ ಕಾಣುತ್ತದೆ. ಒಳಗೆ ಹೋದರೆ ಕಡೆಯುವ ಉಳಿಯನ್ನೇ ತಿನ್ನುತ್ತದೆ. ದಿನಾ ಬೆಳಿಗ್ಗೆ ನಾನು ಎದುರು ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಿದ್ದೆ. ತೂತು ಕೊರೆದು, ಮದ್ದು ತುಂಬಿ, ಸಿಡಿಸಿ, ಕಲ್ಲು ಹೊರಗೆ ಸಾಗಿಸುವ ಹೊತ್ತಿಗೆ ಪಾಳಿ ಮುಗಿಯುತ್ತಿತ್ತು. ಇಷ್ಟೆಲ್ಲ ಮಾಡಿ ಒಂದು ಮಾರು ಮುಂದೆ ಹೋಗಿದ್ದರೆ ಅವತ್ತು ರಾಜ್ಯ ಗೆದ್ದಷ್ಟು ಸಂತೋಷ. ಹಾಗೆ ಕೊರೆದ ಸುರಂಗದಲ್ಲಿ ಕೊನೆಗೆ ಏನಿಟ್ಟರು ಗೊತ್ತೇ? ಕಾಲು ಮುರಿದ ಕುರ್ಚಿಗಳು. ನಾನೇ ನೋಡಿದೆ.

ಈಗ ನನ್ನದೊಂದು ಪ್ರಶ್ನೆ. ಡಿಕ್ಕಿಯಾಗುವ ಜಾಗಕ್ಕೂ ನನ್ನ ಸುರಂಗಕ್ಕೂ ನಡುವೆ ಎಷ್ಟು ಬಂಡೆಯಿದೆ ಎಂದು ನನಗೆ ಗೊತ್ತು. ಅಷ್ಟನ್ನು ಕೊರೆಯಲು ನಮ್ಮ ತಂಡಕ್ಕೆ ಹೇಳಿದ್ದರೆ ಮೂರು ತಿಂಗಳು ಕೇಳುತ್ತಿದ್ದೆವು. ನಿನ್ನ ನ್ಯೂಟ್ರಿನೊ ಅದನ್ನು ಹೇಗೆ ದಾಟುತ್ತದೆ? ಬಂಡೆಗೆ ತೂತು ಬೀಳುವುದಿಲ್ಲವೇ?

ಮದ್ದಿನ ಸದ್ದಿಗೆ ಬಲಗಿವಿ ಹೋಯಿತೆಂದು ನಿನಗೆ ಗೊತ್ತು. ಎಡಗಿವಿ ಗಟ್ಟಿಯಾಗಿದೆ. ಫೋನಿನದ್ದೇ ದೋಷ.

ನಿನ್ನ ಮಾವ

*

ಜೂನ್ 9

ಪ್ರೀತಿಯ ಮಾವ,

ಗುಂಡಿ ತೋಡಿಯಾಯಿತು. ನೆಲ ನೀವು ಹೇಳಿದ ಹಾಗೇ ಇದೆ.

ನಾನು ಕೆಳಗಿಳಿದು ನಿಮ್ಮ ಸುರಂಗ ನೋಡಿದೆ. ಲಿಫ್ಟಿನಲ್ಲಿ ಇಳಿದು, ದೊಡ್ಡ ಉಂಗುರದ ಪಕ್ಕದಲ್ಲೇ ಬಹಳ ದೂರ ನಡೆದು, ಯಂತ್ರದ ಕೊಳವೆಗಳ ಮೇಲೆ ಕಟ್ಟಿದ ಸಣ್ಣ ಸೇತುವೆ ದಾಟಿದರೆ ಅಲ್ಲಿದೆ. ಕುರ್ಚಿಗಳಿಲ್ಲ, ತೆಗೆಸಿದೆವು. ಗೋಡೆಗೆ ಟಾರ್ಚ್ ಹಿಡಿದೆ. ಕೊರೆದ ತೂತುಗಳ ಅರ್ಧರ್ಧ ಗೀರು ಸಾಲಾಗಿ ಈಗಲೂ ಇವೆ. ಒಂದರೊಳಗೆ ಬೆರಳಿಟ್ಟೆ.

ನಿಮ್ಮ ಪ್ರಶ್ನೆಗೆ ಉತ್ತರ. ತೂತು ಬೀಳುವುದಿಲ್ಲ. ನ್ಯೂಟ್ರಿನೊ ಬಂಡೆಯನ್ನು ಒಡೆದುಕೊಂಡು ಬರುವುದಿಲ್ಲ. ಅದರ ಪಾಲಿಗೆ ಬಂಡೆಯೇ ಇಲ್ಲ. ನೀವು ಪಾಳಿಗೆ ಒಂದು ಮಾರು ಎಂದು ಹೋರಾಡಿದ್ದು ಯಾವುದರೊಂದಿಗೋ, ಅದು ನ್ಯೂಟ್ರಿನೊಗೆ ಗೊತ್ತೂ ಆಗುವುದಿಲ್ಲ. ಹತ್ತಾರು ಕೋಟಿ ನ್ಯೂಟ್ರಿನೊಗಳು ನಮ್ಮ ಪೆಟ್ಟಿಗೆಯನ್ನು ಹಾದುಹೋದರೆ ಎಲ್ಲೋ ಒಂದು ಯಾವುದೋ ಪರಮಾಣುವಿನ ನಡುಮಧ್ಯಕ್ಕೆ ತಗಲುತ್ತದೆ. ಆ ಒಂದಕ್ಕಾಗಿ ಕಾಯುವುದು ನಮ್ಮ ಕೆಲಸ. ನಾನು ಇದನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಅಲ್ಲಿ ನಿಂತು ಗೋಡೆ ಮುಟ್ಟಿದಾಗ ಮಾತ್ರ ಮೈ ಜುಮ್ಮೆಂದಿತು.

ಪೆಟ್ಟಿಗೆ ಶಾಲೆಯ ಬೆಂಚಿಗಿಂತ ದೊಡ್ಡದಲ್ಲ. ಒಳಗೆ ಟಂಗ್‌ಸ್ಟನ್ ಎಂಬ ಭಾರಲೋಹದ ತೆಳು ತಗಡು, ಅದರ ಮೇಲೆ ಒಂದು ಫಿಲ್ಮ್, ಮತ್ತೆ ತಗಡು, ಮತ್ತೆ ಫಿಲ್ಮ್, ಹೀಗೆ ನೂರಾರು. ಹಳೆಯ ಕ್ಯಾಮೆರಾ ಫಿಲ್ಮಿನ ದಾಯಾದಿ ಅನ್ನಿ. ತಗಡಿಗೆ ನ್ಯೂಟ್ರಿನೊ ತಗಲಿದರೆ ಅಲ್ಲಿಂದ ಹೊಸ ಕಣಗಳು ಚಿಮ್ಮುತ್ತವೆ, ಫಿಲ್ಮಿನ ಮೇಲೆ ಅವುಗಳ ಜಾಡು ಮೂಡುತ್ತದೆ. ಪೆಟ್ಟಿಗೆಯ ಮುಂದೆ ಕಾವಲಿಗೆ ಫಲಕಗಳಿವೆ. ಯಾವುದೇ ಮಾಮೂಲಿ ಕಣ ಒಳಗೆ ನುಗ್ಗಿದರೂ ಅವು ಮಿನುಗಿ ಹೇಳುತ್ತವೆ. ಪೆಟ್ಟಿಗೆಯ ಹಿಂದೆ, ಹೊರಗೆ ಬಂದದ್ದನ್ನು ಆ ಕ್ಷಣವೇ ಬರೆದಿಡುವ ವಿದ್ಯುತ್ ಉಪಕರಣಗಳಿವೆ. ಕಾವಲುಗಾರನಿಗೆ ಕಾಣದೆ ಬಂದು ಮನೆಯೊಳಗೆ ಸದ್ದು ಮಾಡಿದವನೇ ನಮಗೆ ಬೇಕಾದವನು.

ಇನ್ನೇನೂ ವಿಶೇಷವಿಲ್ಲ. ಅತ್ತೆಗೆ ನೆನಪು ಹೇಳಿ.

ಯಾಕಮ್ಮ

*

ಜುಲೈ 2

ಯಾಕಮ್ಮ,

ನೆಲ ನಾನು ಹೇಳಿದ ಹಾಗೇ ಇದೆ ಎಂಬ ಸಾಲನ್ನು ನಿನ್ನ ಅತ್ತೆಗೆ ಎರಡು ಸಲ ತೋರಿಸಿದೆ. ಬೆಳಗಿನ ವಾಕಿಂಗಿಗೆ ಬರುವ ಗೆಳೆಯರಿಗೂ ತೋರಿಸಿದೆ. ಅವರಲ್ಲೊಬ್ಬ ನಿವೃತ್ತ ಬ್ಯಾಂಕಿನವನು, ಎಲ್ಲದಕ್ಕೂ ಕೊಕ್ಕೆ ಹಾಕುವವನು. ಅವನೂ ಬಾಯಿ ಮುಚ್ಚಿದ.

ನಿಮ್ಮ ಪೆಟ್ಟಿಗೆ ಕೂತಿತೇ? ಜೂನಿನಲ್ಲೇ ಇಡುತ್ತೀರಿ ಅಂದುಕೊಂಡಿದ್ದೆ. ಏನೂ ಬರೆದಿಲ್ಲ. ಕೆಲಸ ಜಾಸ್ತಿ ಇರಬೇಕು. ಪುರುಸೊತ್ತಾದಾಗ ಎರಡು ಸಾಲು ಬರಿ.

ಬಂಡೆಯೇ ಇಲ್ಲ ಅಂದೆಯಲ್ಲ, ಅದನ್ನು ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ. ಮೊದಲು ಸಿಟ್ಟು ಬಂತು. ನಮ್ಮ ಬೆವರಿಗೆ ಬೆಲೆಯೇ ಇಲ್ಲವೇ ಅನ್ನಿಸಿತು. ಈಗೀಗ ಬೇರೆ ಥರ ಅನ್ನಿಸುತ್ತಿದೆ. ಅಂಥದ್ದನ್ನು ಕಾಣಬೇಕಾದರೂ ನಿನಗೆ ನಿಲ್ಲಲು ಒಂದು ತೂತು ಬೇಕಾಯಿತಲ್ಲ.

ಮಾವ

*

ಅಕ್ಟೋಬರ್ 17

ಮಾವ,

ಈ ಕಾಗದ ಓದಿ ಯಾರಿಗೂ ತೋರಿಸಬೇಡಿ. ಬ್ಯಾಂಕಿನವರಿಗಂತೂ ಬೇಡವೇ ಬೇಡ.

ಯಂತ್ರ ಓಡುತ್ತಿದೆ, ಪೆಟ್ಟಿಗೆ ಒಳಗಿದೆ. ಹಿಂದಿನ ಉಪಕರಣಗಳ ಲೆಕ್ಕವನ್ನು ಮೊದಲು ಜರಡಿ ಹಿಡಿಯುವ ಕೆಲಸ ನನ್ನದು. ಕೋಟಿಗಟ್ಟಲೆ ಮಾಮೂಲಿ ಕಣಗಳು ಬರುತ್ತವೆ, ಕಾವಲು ಫಲಕ ಮಿನುಗುತ್ತದೆ, ಅವನ್ನು ತೆಗೆದುಹಾಕುತ್ತೇನೆ. ಮೊನ್ನೆ ಜರಡಿಯಲ್ಲಿ ಮೂರು ಉಳಿದವು.

ಫಲಕ ಮಿನುಗಿಲ್ಲ. ಒಳಗೆ ಏನೂ ಬಂದಿಲ್ಲ. ಆದರೂ ಒಳಗಿನಿಂದ ಜಾಡು ಹೊರಟಿದೆ. ಎರಡರಲ್ಲಿ ಜೋಡಿ ಗೆರೆಗಳು, ಕತ್ತರಿ ಬಿಚ್ಚಿದ ಹಾಗೆ. ಕಪ್ಪು ದ್ರವ್ಯದ ಜಗತ್ತಿನಿಂದ ಹಗುರವಾದ ಕಣವೊಂದು ಹೊರಟು, ಬಂಡೆ ದಾಟಿ, ನಮ್ಮ ಉಪಕರಣದೊಳಗೆ ಬಂದು ಒಡೆದರೆ ಹೀಗೇ ಕಾಣಬೇಕೆಂದು ಪುಸ್ತಕಗಳು ಹೇಳುತ್ತವೆ. ಮೂರನೆಯದು ಸ್ವಲ್ಪ ಬೇರೆ ಥರ ಇದೆ, ಒಂದು ಉದ್ದ ಗೆರೆ ಮತ್ತು ಅದರ ಹಿಂದೆ ತುಂತುರು. ಆದರೂ ಅದನ್ನು ಜೊತೆಗೇ ಸೇರಿಸಿಕೊಂಡಿದ್ದೇನೆ.

ಮೂರೇ, ನಿಜ. ಆದರೆ ಜಗತ್ತಿನಲ್ಲಿರುವ ವಸ್ತುವಿನಲ್ಲಿ ಆರರಲ್ಲಿ ಐದು ಪಾಲು ಏನೆಂದು ಯಾರಿಗೂ ಗೊತ್ತಿಲ್ಲ. ಬೆಟ್ಟ, ಸಮುದ್ರ, ನಕ್ಷತ್ರ, ನೀವು, ನಾನು ಎಲ್ಲ ಸೇರಿ ಉಳಿದ ಒಂದು ಪಾಲು. ಆ ಐದು ಪಾಲಿನ ಬಾಗಿಲಿನಿಂದ ಮೂರು ಜನ ಬಂದು ನಿಮ್ಮ ಸುರಂಗದಲ್ಲಿ ಇಳಿದಿದ್ದಾರೆ ಎಂದರೆ ಹೇಗಿರಬೇಡ. ಎರಡು ದಿನದಿಂದ ಊಟ ಸೇರುತ್ತಿಲ್ಲ. ರಸ್ತೆ ದಾಟುವಾಗ ಎದುರಿನವರ ಮುಖ ನೋಡುತ್ತೇನೆ. ಇವರಿಗೆ ಯಾರಿಗೂ ಇನ್ನೂ ಗೊತ್ತಿಲ್ಲವಲ್ಲ ಅನ್ನಿಸುತ್ತದೆ.

ಮುಂದಿನ ತಿಂಗಳು ತಂಡದ ಮುಂದೆ ಇಡುತ್ತೇನೆ.

ಯಾಕಮ್ಮ

*

ನವೆಂಬರ್ 5

ಯಾಕಮ್ಮನಿಗೆ,

ಹೋದ ವಾರ ನಮ್ಮ ಹಳೆಯ ತಂಡದಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವನು ಮನೆಗೆ ಬಂದಿದ್ದ. ಅವನ ಪಂಪಿನ ವ್ಯಾಪಾರ ಈಗ ಅವನ ಅಳಿಯನ ಕೈಯಲ್ಲಿದೆ. ಕಾಫಿ ಕುಡಿದು, ನಗುತ್ತಾ, ಒಂದು ಚೀಟಿಯಲ್ಲಿ ಬರೆದು ತೋರಿಸಿದ: "ನಿನ್ನ ಸುರಂಗಕ್ಕೆ ನಮ್ಮ ಪಂಪು ಹಾಕಿ ಬಂದಿದೀವಿ ಕಣೋ. ಗುಂಡಿ ತುಂಬಾ ನೀರು."

ಜೂನಿನಿಂದ ನೀರಂತೆ. ಮೊದಲ ಪೆಟ್ಟಿಗೆಯ ಫಿಲ್ಮುಗಳೆಲ್ಲ ತೇವಕ್ಕೆ ಹಾಳಾದವಂತೆ. ಆಗಸ್ಟಿನವರೆಗೆ ಕೆಲಸ ನಿಂತಿತ್ತಂತೆ. ಅವನ ಅಳಿಯನಿಗೆ ಗೊತ್ತು, ಪಂಪಿಗೆ ಗೊತ್ತು, ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ನಿನ್ನ ಕೈಯಿಂದ ಬರೆದ ಸಾಲು: ನೆಲ ನೀವು ಹೇಳಿದ ಹಾಗೇ ಇದೆ.

ನಾನು ತಪ್ಪು ಹೇಳಿದೆ. ಇಷ್ಟು ವರ್ಷಗಳಲ್ಲಿ ನೀರು ದಾರಿ ಬದಲಿಸಿರಬಹುದು, ಅಥವಾ ಆಗಲೂ ಅಲ್ಲೇ ಇದ್ದು ನನ್ನ ಕಣ್ಣಿಗೆ ಬೀಳದೆ ಇರಬಹುದು. ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ. ಆದರೆ ತಪ್ಪು ಹೇಳುವುದು ನನ್ನ ಹಕ್ಕು, ತಪ್ಪೆಂದು ತಿಳಿದುಕೊಳ್ಳುವುದೂ ನನ್ನ ಹಕ್ಕು. ಎರಡನೆಯದನ್ನು ನೀನು ಕಿತ್ತುಕೊಂಡೆ. ಮುದುಕನಿಗೆ ಬೇಜಾರಾಗುತ್ತದೆ ಅಂದುಕೊಂಡಿರಬೇಕು. ನಾನು ಜೀವಮಾನವೆಲ್ಲ ಅಳತೆಯ ಕೆಲಸ ಮಾಡಿದವನು. ಬೇಜಾರಿಗೆ ಹೆದರಿ ಅಳತೆ ತಿದ್ದಿದ್ದರೆ ಎರಡು ಕಡೆಯಿಂದ ಕೊರೆದ ಸುರಂಗ ನಡುವೆ ಕೂಡುತ್ತಲೇ ಇರಲಿಲ್ಲ.

ಅಕ್ಟೋಬರಿನ ನಿನ್ನ ಕಾಗದ ಓದಿ ನನಗೂ ನಿದ್ದೆ ಬಂದಿರಲಿಲ್ಲ. ಈಗ ಅದನ್ನು ಮತ್ತೆ ತೆಗೆದು ಓದಿದೆ. ನೆಲ ಒಣಗಿದೆ ಎಂದು ಬರೆದ ಕೈಯೇ ಮೂರು ಸಿಕ್ಕಿವೆ ಎಂದೂ ಬರೆದಿದೆ. ನಾನು ಯಾವುದನ್ನು ನಂಬಲಿ?

ಮಾವ

(ಅತ್ತೆ ಬರೆಯುವುದು: ಲಕೋಟೆ ಅಂಟಿಸು ಅಂತ ಕೊಟ್ಟು ಅವರು ಅಂಗಡಿಗೆ ಹೋದರು, ಅದಕ್ಕೇ ಬರೀತಿದ್ದೀನಿ. ಎಡಗಿವಿಯೂ ಹೋಗಿ ಎರಡು ವರ್ಷ ಆಯಿತು ಕಣೆ. ಗಟ್ಟಿಯಾಗಿದೆ ಅಂತ ನಿನಗೆ ಬರೆದಿದ್ದರು. ಈಗ ನಿನಗೆ ದೊಡ್ಡ ಪಾಠ ಹೇಳಿದ್ದಾರೆ, ಹೇಳಲಿ. ನೀನು ಮಾತ್ರ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಸುಮ್ಮನೆ ಕೂರಬೇಡ.)

*

ಜನವರಿ 28

ಮಾವ,

ಸುಮ್ಮನೆ ಕೂತಿರಲಿಲ್ಲ. ಬರೆಯುವ ಧೈರ್ಯ ಮಾತ್ರ ಇರಲಿಲ್ಲ.

ನಿಮ್ಮ ಕಾಗದ ಓದಿದ ದಿನ ಬಹಳ ಸಿಟ್ಟು ಬಂತು, ನಿಮ್ಮ ಮೇಲೇ. ಆಮೇಲೆ ಆ ನೀರಿನ ವಾರಗಳನ್ನೆಲ್ಲ ಮತ್ತೆ ನೆನಪಿಸಿಕೊಂಡೆ. ಗುಂಡಿಯಲ್ಲಿ ನೀರು ಏರಿದಾಗ ಅವಸರದಲ್ಲಿ ಪೆಟ್ಟಿಗೆ ಕೂರಿಸಿದ್ದ ಇಡೀ ಚೌಕಟ್ಟನ್ನು ಮೇಲೆತ್ತಿದ್ದೆವು. ಎತ್ತುವಾಗ ನಾನೂ ಒಂದು ಮೂಲೆ ಹಿಡಿದಿದ್ದೆ. ಕಾವಲು ಫಲಕಗಳು ಅದೇ ಚೌಕಟ್ಟಿಗೆ ಸೇರಿದವು. ಕೆಳಗಿಳಿಸಿದ ಮೇಲೆ ಅವುಗಳ ಸಂದನ್ನು ಯಾರಾದರೂ ಅಳೆದರೇ?

ಈ ಯೋಚನೆ ಬಂದ ಮೇಲೆ ಒಂದು ವಾರ ಅತ್ತ ಹೋಗದೆ ತಪ್ಪಿಸಿಕೊಂಡೆ. ಅಳೆದರೆ ಏನು ಸಿಗುತ್ತದೆಂದು ಒಳಗೊಳಗೇ ಗೊತ್ತಿತ್ತು. ಡಿಸೆಂಬರಿನಲ್ಲಿ ಯಂತ್ರ ನಿಲ್ಲಿಸಿ ಫಿಲ್ಮುಗಳನ್ನು ಹೊರಗೆ ತೆಗೆಯಲು ಇಳಿದಾಗ ನಾನೇ ಅಳೆದೆ. ಎರಡು ಫಲಕಗಳ ನಡುವೆ ಉಗುರು ತೂರುವಷ್ಟು ಬಿರುಕು. ನನ್ನ ಮೂರರಲ್ಲಿ ಎರಡು, ಆ ಜೋಡಿ ಗೆರೆಗಳು, ಹಿಂದಕ್ಕೆ ಎಳೆದರೆ ನೇರವಾಗಿ ಆ ಬಿರುಕಿಗೇ ಹೋಗಿ ಮುಟ್ಟುತ್ತವೆ. ಮಾಮೂಲಿ ಕಣಗಳು. ಬಾಗಿಲ ಸಂದಿಯಲ್ಲಿ ನುಸುಳಿ ಬಂದವು.

ಅಷ್ಟರಲ್ಲಿ ನಾನು ಮೂರನ್ನೂ ತಂಡದ ಮುಂದಿಟ್ಟಾಗಿತ್ತು. ಎಲ್ಲರೂ ಕುಣಿದಾಡುವುದೊಂದು ಬಾಕಿ. ಅದೇ ಕೋಣೆಯಲ್ಲಿ, ಅದೇ ಪರದೆಯ ಮುಂದೆ ನಿಂತು, "ನಂದು ತಪ್ಪಾಯ್ತು, ಎರಡು ಹೋದವು" ಅಂದೆ. ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು:

"ಮೂರನೇದು?"

"ಅದು ಬಿರುಕಿನ ಹತ್ತಿರಕ್ಕೂ ಹೋಗಲ್ಲ."

"ಎಲ್ಲಿಂದ ಹೊರಟಿದೆ?"

"ಫಿಲ್ಮ್ ಪೆಟ್ಟಿಗೆ ಒಳಗಿಂದ."

"ಹಾಗಾದ್ರೆ ಫಿಲ್ಮ್ ತೊಳೆಯೋಣ. ಅಲ್ಲೀತನಕ ಅದನ್ನ ಏನೂ ಅಂತ ಕರೀಬೇಡ."

ಹಾಗಾಗಿ ಅದಕ್ಕೆ ಹೆಸರಿಲ್ಲ. ನೀರಿನ ವಿಷಯ ಮುಚ್ಚಿಟ್ಟದ್ದಕ್ಕೆ ಏನು ಹೇಳಲಿ ಮಾವ. ನೀವು ಆ ಸುರಂಗದ ಬಗ್ಗೆ ಅಷ್ಟು ಸಂತೋಷದಿಂದ ಬರೆದದ್ದನ್ನು ಅದೇ ಮೊದಲು ಓದಿದ್ದೆ. ನೀರಿದೆ ಎಂದು ಬರೆಯಲು ಕೈ ಬರಲಿಲ್ಲ. ಇನ್ನು ಹಾಗೆ ಮಾಡುವುದಿಲ್ಲ.

ಪಂಪು ದಿನಾ ಓಡುತ್ತಿದೆ. ನೀರು ನಿಂತಿಲ್ಲ.

ಯಾಕಮ್ಮ

*

ಫೆಬ್ರವರಿ 11

ಯಾಕಮ್ಮ,

ನೀರು ನಿಂತಿಲ್ಲ ಎಂದು ಓದಿ ಸಮಾಧಾನವಾಯಿತು. ಇದೆಂಥ ಮಾತು ಎಂದು ನಿನ್ನ ಅತ್ತೆ ನಗುತ್ತಿದ್ದಾಳೆ. ನಿನಗೆ ಅರ್ಥವಾಗುತ್ತದೆ.

ಆ ಕೋಣೆಯಲ್ಲಿ ಎದ್ದು ನಿಂತು ಹೇಳಿದೆಯಲ್ಲ, ಅದನ್ನು ನಾನು ಮನಸ್ಸಿನಲ್ಲೇ ಹಲವು ಸಲ ನೋಡಿದೆ. ಹೆಚ್ಚು ಬರೆದರೆ ನಿನಗೆ ಸಂಕೋಚ, ನನಗೂ ಬರುವುದಿಲ್ಲ.

ಅವಳು ಲಕೋಟೆಯಲ್ಲಿ ಏನೋ ಸೇರಿಸಿದಳೆಂದು ಆಮೇಲೆ ಗೊತ್ತಾಯಿತು. ಹೌದು, ಎರಡೂ ಹೋಗಿವೆ. ಈಗ ಅವಳು ನನ್ನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾಳೆ. ಜಗಳವಾಡುವಾಗ ಕೈ ಹಿಂದಕ್ಕೆಳೆದುಕೊಂಡರೆ ಸಾಕು, ನಾನೇ ಗೆದ್ದ ಹಾಗೆ.

ಒಂದು ಕೆಲಸ ಮಾಡು. ನಿಮ್ಮ ಗೆರೆಯ ದಿಕ್ಕು ಮತ್ತು ಇಳುಕಲು ಎಷ್ಟೆಂದು ಬರೆದು ಕಳಿಸು. ಡಿಕ್ಕಿಯ ಜಾಗದ ಮಟ್ಟವೂ ಬೇಕು. ಸುರಂಗ ದಾಟಿದ ಮೇಲೆ ಗೆರೆ ನಿಲ್ಲುವುದಿಲ್ಲ ತಾನೇ?

ಹೆಸರಿಲ್ಲದ ಆ ಮೂರನೆಯದನ್ನು ವಿಚಾರಿಸಿದೆ ಎಂದು ಹೇಳು.

ಮಾವ

*

ಮೇ 22

ಪ್ರೀತಿಯ ಮಾವ,

ಮೂರನೆಯದಕ್ಕೆ ಹೆಸರು ಸಿಕ್ಕಿತು.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಫಿಲ್ಮುಗಳನ್ನು ಕತ್ತಲಕೋಣೆಯಲ್ಲಿ ಒಂದೊಂದಾಗಿ ತೊಳೆದು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಓದಿಸಲು ಇಷ್ಟು ತಿಂಗಳು ಬೇಕಾಯಿತು. ಪ್ರತಿಯೊಂದರ ತುಂಬಾ ಮಾಮೂಲಿ ಕಣಗಳ ಚುಕ್ಕೆಗಳು. ಮುಂದಿನ ಫಿಲ್ಮಿನಿಂದ ಹಿಂದಿನದಕ್ಕೆ ಚುಕ್ಕೆ ಸೇರಿಸುತ್ತಾ ಹೋದರೆ ಗೆರೆಯಾಗುತ್ತದೆ. ಮೂರನೆಯದರ ಉದ್ದ ಗೆರೆ ಪೆಟ್ಟಿಗೆಯ ಯಾವ ಮೂಲೆಯಿಂದ ಹೊರಬಂದಿತ್ತೆಂದು ಗೊತ್ತಿತ್ತು. ಅಲ್ಲಿ ಹಿಡಿದುಕೊಂಡೆ. ಒಂದೊಂದೇ ಫಿಲ್ಮ್ ಹಿಂದಕ್ಕೆ ಹೋದೆ.

ಬೆಳಿಗ್ಗೆ ಹತ್ತರ ಹೊತ್ತು. ಕಿಟಕಿಯಿಂದ ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತೆಂದು ಪರದೆಗೆ ರಟ್ಟು ಅಡ್ಡ ಹಿಡಿದಿದ್ದೆ. ಹಿಂದೆ ಹೋದ ಹಾಗೆ ಪಕ್ಕದಿಂದ ಇನ್ನೊಂದು ಗೆರೆ ಹತ್ತಿರ ಬಂತು. ಮತ್ತೊಂದು. ಐದಾದವು, ಹತ್ತಾದವು. ಹಳ್ಳಗಳ ಜಾಡು ಹಿಡಿದು ಮೇಲಕ್ಕೆ ಹತ್ತಿದರೆ ಬೆಟ್ಟದ ಒಂದೇ ಬುಗ್ಗೆ ಸಿಗುವ ಹಾಗೆ ಎಲ್ಲವೂ ಒಂದೇ ಬಿಂದುವಿನ ಕಡೆ ಹೋದವು. ಕೂಡಿದವು. ಅದರ ಹಿಂದಿನ ಫಿಲ್ಮ್ ತೆಗೆದೆ. ಆ ಜಾಗದಲ್ಲಿ ಏನೂ ಇಲ್ಲ. ಅದರ ಹಿಂದಿನದು, ಏನೂ ಇಲ್ಲ. ಪೆಟ್ಟಿಗೆಯ ಬಾಯಿಯವರೆಗೂ ಹೋದೆ. ಖಾಲಿ.

ಯಾವ ಗುರುತೂ ಇಲ್ಲದೆ ಬಂದ ಯಾವುದೋ ಒಂದು, ಒಂದು ತೆಳು ತಗಡಿನೊಳಗೆ, ಒಂದು ಪರಮಾಣುವಿಗೆ ತಗಲಿ, ಇದೆಲ್ಲವನ್ನೂ ಚಿಮ್ಮಿಸಿದೆ. ನ್ಯೂಟ್ರಿನೊ ಮಾವ. ಮನುಷ್ಯ ಇದುವರೆಗೆ ಹುಟ್ಟಿಸಿ ಹಿಡಿದ ಯಾವ ನ್ಯೂಟ್ರಿನೊಗೂ ಇಷ್ಟು ಶಕ್ತಿ ಇರಲಿಲ್ಲ.

ಮುಖ್ಯಸ್ಥೆಯನ್ನು ಕರೆದೆ. ಅವರು ಮೇಜಿನ ಅಂಚಿಗೆ ಕೂತು ನೋಡಿದರು. "ಇನ್ನೊಂದು ಸಲ ಹಿಂದೆ ಹೋಗು" ಅಂದರು. ಹೋದೆ. "ಮತ್ತೆ." ಮತ್ತೆ ಹೋದೆ. ಖಾಲಿಯಿಂದ ಗೆರೆಗಳು ಅರಳುವುದನ್ನು, ಮತ್ತೆ ಖಾಲಿಗೆ ಮುಚ್ಚಿಕೊಳ್ಳುವುದನ್ನು ಎಷ್ಟು ಸಲ ನೋಡಿದೆವೋ. ಅವರ ಕಣ್ಣು ಒದ್ದೆಯಾಗಿತ್ತು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ನೋಡಿದ್ದು ಇವತ್ತೇ" ಅಂದರು. ಆಮೇಲೆ ಇಬ್ಬರೂ ಚಹಾಕ್ಕೆ ಹೋದೆವು. ಅಂಗಡಿಯವನಿಗೆ ಚಿಲ್ಲರೆ ಕೊಡುವುದನ್ನು ಮರೆತು ಬಂದೆವು, ಅವನು ಹಿಂದೆಯೇ ಓಡಿ ಬಂದ.

ಆಮೇಲೆ ಇನ್ನೂ ಕೆಲವು ಸಿಕ್ಕಿವೆ. ಬೇರೆ ಬೇರೆಯವರು ನನಗೆ ಹೇಳದೆ ಮೊದಲಿನಿಂದ ಲೆಕ್ಕ ಮಾಡಿ ನೋಡಿದ್ದಾರೆ. ನಮ್ಮ ಲೆಕ್ಕ ಸರಿಯಾಗಿದೆ.

ಕಪ್ಪು ದ್ರವ್ಯದ ಸಾಲಿನಲ್ಲಿ ಸೊನ್ನೆ ಎಂದೇ ಬರೆದೆವು. ಬಿರುಕು ಮುಚ್ಚಿ ನೋಡಿದೆವು, ಒಂದೂ ಇಲ್ಲ. ಅಕ್ಟೋಬರಿನಲ್ಲಾಗಿದ್ದರೆ ಆ ಸೊನ್ನೆ ನನ್ನನ್ನು ಮಲಗಿಸಿಬಿಡುತ್ತಿತ್ತು. ಈಗ ವಿಚಿತ್ರವಾಗಿ, ಭಯಭಕ್ತಿಯಂಥದ್ದೇನೋ ಆಗುತ್ತದೆ. ಆ ಐದು ಪಾಲು ಇಲ್ಲೇ ಇದೆ, ಈ ಕೋಣೆಯಲ್ಲಿ, ನಾನು ಬರೆಯುತ್ತಿರುವ ಮೇಜಿನ ಮೇಲೆ. ಇನ್ನೂ ಮುಖ ತೋರಿಸಿಲ್ಲ, ಅಷ್ಟೇ.

ನೀವು ಕೇಳಿದ ದಿಕ್ಕು, ಇಳುಕಲು, ಮಟ್ಟ ಎಲ್ಲ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾಕೆ ಎಂದು ಈ ಸಲ ಕೇಳುವುದಿಲ್ಲ, ಊಹಿಸಿದ್ದೇನೆ. ಗೆರೆ ನಿಲ್ಲುವುದಿಲ್ಲ. ಅಷ್ಟು ದೂರ ಹೋಗುವ ಹೊತ್ತಿಗೆ ಆಟದ ಮೈದಾನದಷ್ಟು ಅಗಲವಾಗಿರುತ್ತದೆ, ಆದ್ದರಿಂದ ಗೇಣು ಲೆಕ್ಕ ಹಾಕಿ ಅತ್ತೆಯ ಜೀವ ತಿನ್ನಬೇಡಿ. ಜೂನ್ ಪೂರ್ತಿ ಯಂತ್ರ ಓಡುತ್ತಿರುತ್ತದೆ. ಮೈಗೆ ಏನೂ ಆಗುವುದಿಲ್ಲ, ಹೆದರಬೇಡಿ.

ನಿಮ್ಮ ಯಾಕಮ್ಮ

*

ಜೂನ್ 15

ಯಾಕಮ್ಮನಿಗೆ,

ಊಟದ ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿದೆ. ದಾರದ ಒಂದು ತುದಿ ನಿನ್ನ ಅತ್ತೆ ಹಿಡಿದಳು, ಇನ್ನೊಂದು ನಾನು. ನಿನ್ನ ಗೆರೆ ನನ್ನ ಸುರಂಗ ದಾಟಿ, ನದಿಯ ಅಡಿಯಿಂದ ಹೋಗಿ, ಪೇಟೆಯ ಕೆಳಗೆ ಹಾದು, ಆಚೆಯ ಗುಡ್ಡ ಇಳಿಜಾರಾಗುವ ಕಡೆ ನೆಲದಿಂದ ಹೊರಬರುತ್ತದೆ. ಅದು ಯಾವ ಜಾಗವೆಂದು ನೋಡಿದರೆ, ಒಂದು ಬಸ್ಸಿನ ಕೊನೆಯ ನಿಲ್ದಾಣ.

ನಿನ್ನೆ ಹೋಗಿಬಂದೆವು. ಎರಡು ಬಸ್ಸು ಬದಲಿಸಬೇಕಾಯಿತು. ಕೊನೆಗೆ ನಾವಿಬ್ಬರೇ ಉಳಿದೆವು. ಡ್ರೈವರು ಎಂಜಿನ್ ನಿಲ್ಲಿಸಿ ನಿನ್ನ ಅತ್ತೆಯನ್ನು ಕೇಳಿದನಂತೆ, "ಎಲ್ಲಿಗೆ ಹೋಗ್ಬೇಕಮ್ಮ?" ಇವಳು "ಇಲ್ಲಿಗೇ" ಅಂದಳಂತೆ. "ಇಲ್ಲೇನೂ ಇಲ್ವಲ್ಲ" ಅಂದನಂತೆ. ಇವಳು ನನ್ನ ಅಂಗೈ ಮೇಲೆ ಅದನ್ನು ಬರೆದು ತೋರಿಸಿ ನಕ್ಕಳು.

ಬಸ್ಸು ತಿರುಗಿಸುವಷ್ಟು ಬಯಲು. ಒಂದು ಸಿಮೆಂಟಿನ ಬೆಂಚು, ಒಂದು ನಲ್ಲಿ. ಎದುರಿಗೆ ಎರಡಂತಸ್ತಿನ ಮನೆ, ಮೇಲೆ ಒಬ್ಬ ಹೆಂಗಸು ಒದ್ದೆ ಹೊದಿಕೆಗಳನ್ನು ಒಣಹಾಕುತ್ತಿದ್ದಳು. ಹಿಂದೆ ಗುಡ್ಡ. ನಾನು ದಿಕ್ಕು ನೋಡಿಕೊಂಡು ಬಯಲಿನ ನಡುವೆ ಹೋಗಿ ನಿಂತೆ. ನೀನು ಬರೆದದ್ದೆಲ್ಲ ಒಟ್ಟಿಗೆ ನೆನಪಾಯಿತು. ಅಲ್ಲಿ ಡಿಕ್ಕಿಯಾದ ಗಳಿಗೆಗೂ ಇಲ್ಲಿಗೆ ಬರುವ ಗಳಿಗೆಗೂ ನಡುವೆ ಕಣ್ಣು ಮಿಟುಕಿಸಲೂ ಹೊತ್ತಿಲ್ಲ. ಅಷ್ಟರಲ್ಲಿ ಅಷ್ಟು ಬಂಡೆ, ನದಿ, ಪೇಟೆಯ ಅಂಗಡಿಮುಂಗಟ್ಟು ಎಲ್ಲ ದಾಟಿ, ಕೋಟಿಗಟ್ಟಲೆ, ನನ್ನ ಎದೆಯೊಳಗಿಂದ, ಆ ಒದ್ದೆ ಹೊದಿಕೆಗಳೊಳಗಿಂದ, ಆಕಾಶಕ್ಕೆ. ಅಲ್ಲಿಂದ ಮುಂದೆ ತಡೆಯುವುದಕ್ಕೆ ಏನೂ ಇಲ್ಲ. ನಾನು ಸತ್ತ ಮೇಲೂ ಅವು ಹೋಗುತ್ತಲೇ ಇರುತ್ತವೆ.

ನಿನ್ನ ಅತ್ತೆ ಪಕ್ಕಕ್ಕೆ ಬಂದು ಬರೆದಳು: "ಏನಾದ್ರೂ ಗೊತ್ತಾಗ್ತಿದೆಯಾ?"

"ಇಲ್ಲ" ಅಂದೆ.

"ನಂಗೂ ಇಲ್ಲ." ಮತ್ತೆ ಬರೆದಳು: "ಯಾವ ಕಡೆಯಿಂದ ಬರ್ತಿವೆ?"

ನಾನು ನೆಲದ ಕಡೆ, ಗುಡ್ಡದ ಬುಡದ ಕಡೆ ಓರೆಯಾಗಿ ಕೈ ತೋರಿಸಿದೆ. ಅವಳು ಆ ಕಡೆ ತಿರುಗಿ ನಿಂತಳು. ಮನೆಗೆ ಯಾರೋ ಬರುತ್ತಿರುವ ಹಾಗೆ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡಳು.

ಎಷ್ಟು ಹೊತ್ತು ನಿಂತೆವೋ ನೋಡಲಿಲ್ಲ. ಏನೂ ಆಗಲಿಲ್ಲ. ಗಾಳಿಗೆ ಹೊದಿಕೆಗಳು ಆಡುತ್ತಿದ್ದವು, ಮೇಲಿನ ಹೆಂಗಸು ಕೈಕಟ್ಟಿ ನಮ್ಮನ್ನೇ ನೋಡುತ್ತಿದ್ದಳು. ಬಸ್ಸು ಹೋಗಿ ಮತ್ತೆ ಬಂತು. ಡ್ರೈವರು ಹತ್ತಿ ಎಂದು ಕೈ ಮಾಡಿದ. ನಿನ್ನ ಅತ್ತೆ ಅವನ ಕಡೆ ತಿರುಗಿ ಏನೋ ಹೇಳಿದಳು. ಅಂಗೈ ಮೇಲೆ ಬರೆಯಲಿಲ್ಲ, ನಾನು ತುಟಿ ನೋಡಿಯೇ ತಿಳಿದುಕೊಂಡೆ.

"ನೀವು ಹೊರಡಿ, ನಾವು ಮುಂದಿನ ಬಸ್ಸಿಗೆ ಬರ್ತೀವಿ."

ನಿನ್ನ ಮಾವ